ನಡುವಿನ ಗೆರೆ

ಹಾಲು ಉಕ್ಕುವ ಮೊದಲೇ ನಾನು ಉಕ್ಕಿರುತ್ತೇನೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಅದು ಬೈಗುಳವೋ ಹೊಗಳಿಕೆಯೋ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಮಾತು ಮಾತ್ರ ನಿಜ. ಹೊಸ ಬಣ್ಣದ ನೂಲು ಮನೆಗೆ ಬಂದರೆ ಬಿಚ್ಚಿ ನೋಡುವವರೆಗೆ ನನಗೆ ಊಟ ಸೇರುವುದಿಲ್ಲ. ಮಕ್ತಲದ ತವರಿಗೆ ಹೋಗುವುದಿದ್ದರೆ ನನ್ನ ಚೀಲ ಹಿಂದಿನ ದಿನವೇ ಬಾಗಿಲ ಬಳಿ ಬಂದು ಕೂತಿರುತ್ತದೆ. ಇಂಥವಳ ಮುಂದೆ ಫೋನು ಹಿಡಿದು, ನಿಂತು ಸೀರೆ ತೋರಿಸು ಎಂದರೆ ಏನಾಗಬೇಕೋ ಅದೇ ಆಯಿತು.

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಮಗ್ಗವೇ ಯಜಮಾನ. ಹಜಾರದ ಅರ್ಧವನ್ನು ಅದೇ ನುಂಗಿದೆ. ಉಳಿದರ್ಧದಲ್ಲಿ ನಾವು ಉಣ್ಣುವುದು, ಮಲಗುವುದು, ಬಂದವರನ್ನು ಕೂರಿಸುವುದು. ಗಂಡ ನೇಯುತ್ತಾರೆ, ಅತ್ತೆ ಲಾಳಿಗೆ ನೂಲು ಸುತ್ತಿ ಕೊಡುತ್ತಾರೆ, ನಾನು ಅಡುಗೆ, ಮಗಳ ಶಾಲೆ, ಸೀರೆ ಮಡಿಸುವುದು ನೋಡಿಕೊಳ್ಳುತ್ತೇನೆ. ಬೀದಿಯಲ್ಲಿ ಒಬ್ಬೊಬ್ಬರೇ ಫೋನಿನಲ್ಲಿ ಲೈವ್ ಮಾಡಿ ಸೀರೆ ಮಾರತೊಡಗಿದಾಗ ನಮ್ಮಲ್ಲೂ ಆ ಮಾತು ಬಂತು. ಗಂಡನಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದೆಂದರೆ ಚಳಿಜ್ವರ. ಅತ್ತೆ ಹಲ್ಲಿಲ್ಲದ ನೆಪ ಹೇಳಿದರು. ಯಾರಾದರೂ ನನ್ನನ್ನು ಕೇಳಲಿ ಎಂದು ನಾನು ಕಾಯುತ್ತಲೇ ಇದ್ದೆ.

ಮಾರುವ ಸೀರೆಯನ್ನು ಉಡುವಂತಿಲ್ಲವಲ್ಲ, ಅದಕ್ಕೆ ಒಂದೊಂದು ಬಗೆಯಲ್ಲಿ ಒಂದನ್ನು ನನಗೆಂದೇ ತೆಗೆದಿಟ್ಟರು. ಅದನ್ನುಟ್ಟು ನಾನು ಲೈವ್‌ಗೆಂದೇ ತಂದ ದುಂಡು ದೀಪದ ಮುಂದೆ ನಿಲ್ಲುವುದು, ಗಂಡ ಮಗ್ಗ ಬಿಟ್ಟು ಬಂದು ಫೋನು ಹಿಡಿಯುವುದು. ಮೊದಲ ದಿನ ಮೊದಲ ಮಾತಿಗೆ ಅಂಜಿದೆ. ಎರಡನೇ ಮಾತಿಗೆ ಅಂಜಿಕೆಯೆಲ್ಲ ಮರೆತೆ. "ನೋಡ್ರಿ ಅಕ್ಕಾ, ಚೌಕಡಿ ಎಷ್ಟು ಸಣ್ಣಗ ಬಂದಾವ. ಅಂಚು ಚೂಡಂಡಿ, ಅಂಚು" ಎಂದು ಕನ್ನಡ ಅರ್ಧ, ತೆಲುಗು ಅರ್ಧ ಕಲಸಿ ಹೇಳಿದೆ. ಆ ಕಡೆಯಿಂದ ಯಾರ್ಯಾರೋ ಮಾತಾಡಿಸಿದರು. ಕರ್ನೂಲಿನಿಂದ, ರಾಯಚೂರಿನಿಂದ, ಹೆಸರೇ ಕೇಳದ ಊರುಗಳಿಂದ. ಸೆರಗು ಹಾರಿಸಿ ತೋರಿಸಿ ಅಕ್ಕಾ ಎಂದರೆ ಹಾರಿಸಿದೆ. ತಿರುಗಿ ಅಂದರೆ ತಿರುಗಿದೆ. ಅಡುಗೆಮನೆಯಲ್ಲಿ ನನ್ನ ಬಾಯಿಗೆ ಬೀಗ ಹಾಕಬೇಕು ಎನ್ನುತ್ತಿದ್ದವರೇ ಈಗ ಮಾತಾಡು ಮಾತಾಡು ಎಂದು ಕೈಸನ್ನೆ ಮಾಡುತ್ತಿದ್ದರು. ಅಷ್ಟು ಖುಷಿ ನನಗೆ ಎಲ್ಲೂ ಸಿಕ್ಕಿರಲಿಲ್ಲ, ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಹೀಗೆ ಕೆಲವು ವಾರ ನಡೆದ ಮೇಲೆ ಒಂದು ಸಂಜೆ, ನೇರಳೆ ಬಣ್ಣದ ಸೀರೆಯುಟ್ಟು ನಾನು ಭರ್ತಿ ರಂಗಿನಲ್ಲಿದ್ದಾಗ, ಫೋನಿನ ಪರದೆಯ ಮೇಲೆ ಒಂದು ಸಾಲು ಬಂತು. "ಅಕ್ಕಾ, ನಡುವಿನ ಹತ್ರ ಗೆರಿ ಕಾಣತಾವ, ನೋಡ್ಕೋರಿ."

ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಸೆರಗು ಎಳೆದು ಮುಚ್ಚಿಕೊಂಡೆ. "ಕರೆಂಟ್ ಹೋಯಿತ್ರಿ, ಮತ್ತ ಬರ್ತೀನಿ" ಎಂದು ಹೇಳಿ ಲೈವ್ ನಿಲ್ಲಿಸಿಬಿಟ್ಟೆ.

ಗಂಡ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು. "ಕರೆಂಟ್ ಐತಲ್ಲ."

"ಸುಮ್ಮನಿರ್ರಿ" ಎಂದೆ.

ಗೆರೆಗಳಿರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಬಂದವು ಬೆಳ್ಳಗಾಗಿ ಒಳಗೆ ಸೇರಿಹೋಗಿದ್ದವು. ಅವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಇತ್ತೀಚೆಗೆ ಮೈ ಬಂದು ಸೊಂಟದ ಎರಡೂ ಬದಿಗೆ ಹೊಸವು ಮೂಡಿದ್ದವು, ಕೆಂಪಗೆ, ಬೆಕ್ಕು ಪರಚಿದಂತೆ. ಕನ್ನಡಿಯ ಮುಂದೆ ದುಂಡು ದೀಪ ಹಿಡಿದು ನೋಡಿಕೊಂಡೆ. ಕರ್ನೂಲು, ರಾಯಚೂರು, ಹೆಸರು ಕೇಳದ ಊರುಗಳು, ಎಲ್ಲರೂ ಇದನ್ನು ನೋಡಿದ್ದಾರೆ ಅನ್ನಿಸಿ ದೀಪ ಆರಿಸಿಬಿಟ್ಟೆ.

ಮುಂದಿನ ಲೈವ್‌ನಿಂದ ಸೀರೆ ಹಗ್ಗದ ಮೇಲೆ, ನಾನು ಹಗ್ಗದ ಹಿಂದೆ. ನನ್ನ ಕೈ ಮಾತ್ರ ಕಾಣುವುದು. ಮಾತು ಅದೇ, ಅಂಚು ಅದೇ, ಆದರೆ ನನಗೇ ಬೇಸರ ಬರುವಷ್ಟು ಸಪ್ಪೆ. ಉಟ್ಟು ತೋರಿಸಿ ಅಕ್ಕಾ ಎಂದು ಕೇಳಿ ಕೇಳಿ ನೋಡುವವರು ಕಡಿಮೆಯಾದರು. ಬೀದಿಯ ಕೊನೆಯ ಮನೆಯ ಹುಡುಗಿಯನ್ನು ಕರೆದು ಉಡಿಸೋಣವೇ ಎಂದು ಗಂಡ ಮೆಲ್ಲಗೆ ಕೇಳಿದರು. ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೆ ನನ್ನ ಜಾಗದಲ್ಲಿ ಇನ್ನೊಬ್ಬಳು ತಿರುಗುವುದನ್ನು ನೆನೆಯಲೂ ನನ್ನಿಂದಾಗಲಿಲ್ಲ. ದಸರಾ ಸೀರೆಯ ಹಂಗಾಮು ಬರುವುದರೊಳಗೆ ಈ ಗೆರೆಗಳನ್ನು ಓಡಿಸಿ ಮತ್ತೆ ದೀಪದ ಮುಂದೆ ನಿಲ್ಲುತ್ತೇನೆ ಎಂದು ಅವತ್ತೇ ಹಟ ಹಿಡಿದೆ.

ಹಟ ಹಿಡಿದ ಮೇಲೆ ನನಗೆ ಬೇಸರ ನಿಲ್ಲುವುದಿಲ್ಲ, ಹುಮ್ಮಸ್ಸು ಬಂದುಬಿಡುತ್ತದೆ. ತವರಿಗೆ ಫೋನು ಮಾಡಿದರೆ ಅವ್ವ ಔಡಲೆಣ್ಣೆ ಹಚ್ಚು ಎಂದಳು. ಹಚ್ಚಿದೆ, ಲಂಗಗಳೆಲ್ಲ ಜಿಡ್ಡಾದವು. ಫೋನಿನಲ್ಲಿ ಯಾರೋ ನಿಂಬೆರಸ ಎಂದರು, ಉರಿದು ಕುಣಿದೆ. ಆಲೂಗಡ್ಡೆ ರಸ ಹಚ್ಚಿಕೊಂಡು ಒಣಗಲಿ ಎಂದು ಕೂತಿದ್ದಾಗ ಅತ್ತೆ, "ಇನ್ನೊಂದೀಟು ಉಪ್ಪು ಖಾರ ಹಾಕ್ಕೋ, ಪಲ್ಯ ಆಗ್ತದ" ಎಂದರು. ಮಕ್ತಲದ ಪಾರ್ಲರಿನವಳು ಒಂದು ಬೆಣ್ಣೆಯಂಥ ಕ್ರೀಮ್ ಕೊಟ್ಟಳು. ಚಾಕೊಲೇಟಿನ ವಾಸನೆಗೆ ಮಗಳು ಬೆನ್ನು ಬಿಡಲಿಲ್ಲ. ಚರ್ಮ ಮಾತ್ರ ಮೆತ್ತಗಾಯಿತು, ಗೆರೆಗಳು ಎಣ್ಣೆ ಕುಡಿದು ಇನ್ನಷ್ಟು ಮಿಂಚಿದವು. ಒಂದೊಂದು ಹೊಸ ಡಬ್ಬಿ ತಂದಾಗಲೂ ನಾನು ಇದೇ ಇದೇ ಎಂದು ಕುಣಿದಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಕೊನೆಗೆ ಗದ್ವಾಲಿಗೆ ವಾರಕ್ಕೊಮ್ಮೆ ಚರ್ಮದ ಡಾಕ್ಟರಮ್ಮ ಬರುತ್ತಾರೆ ಎಂದು ತಿಳಿಯಿತು. ಒಬ್ಬಳೇ ಹೋಗುತ್ತೇನೆ ಎಂದರೆ ಅತ್ತೆ ಬಿಡಲಿಲ್ಲ. ಅವರಿಗೆ ಜುರಾಲ ಡ್ಯಾಮಿನ ನೀರು ನೋಡುವ ಆಸೆ. ಮಕ್ತಲದಲ್ಲಿ ಬಸ್ಸು ಬದಲಿಸಿ, ಆತ್ಮಕೂರು ದಾಟಿ, ಗೇಟುಗಳು ತೆರೆದು ಕೃಷ್ಣೆ ಬೆಳ್ಳಗೆ ಧುಮುಕುವುದನ್ನು ನೋಡುತ್ತ ಹೋದೆವು. ಅತ್ತೆ ಕಿಟಕಿಯಿಂದಲೇ ಹೊಳೆಗೆ ಕೈ ಮುಗಿದರು. ನಾನೂ ಮುಗಿದೆ. ಏನು ಬೇಡಿಕೊಂಡೆ ಎಂದು ಹೇಳಬೇಕಿಲ್ಲ.

ಡಾಕ್ಟರಮ್ಮ ಕರ್ನೂಲಿನವರು, ಬಳ್ಳಾರಿಯಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು. ಕನ್ನಡಕ ಸರಿಮಾಡಿಕೊಂಡು ನನ್ನ ಸೊಂಟ ನೋಡಿದರು. "ಇವು ಚರ್ಮ ಹಿಗ್ಗಿದ ಗುರುತಮ್ಮಾ" ಎಂದರು.

ಅತ್ತೆಗೆ ಅಷ್ಟೇ ಸಾಕಾಯಿತು. "ನಾ ಹೇಳ್ತಿದ್ನೆಲ್ರಿ, ಈಕಿ ಎಲ್ಲದಕ್ಕೂ ಹಿಗ್ತಾಳ. ಹಿಗ್ಗಿ ಹೀರೇಕಾಯಿ ಆದ್ರ ಗೆರಿ ಬರದೆ ಇರತಾವೇನು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಹೀರೇಕಾಯಿಯ ಮೈ ತುಂಬ ಗೆರೆಯೇ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಚರ್ಮ ಬೇಗ ಬೇಗ ಹಿಗ್ಗಿದಾಗ ಮೇಲೆ ಏನೂ ಹರಿಯುವುದಿಲ್ಲ, ಒಳಪದರ ಬಿರಿಯುತ್ತದೆ. ಬಸುರಿಗೂ ಬರುತ್ತದೆ, ದಪ್ಪಗಾದವರಿಗೂ ಬರುತ್ತದೆ, ಸರಕ್ಕನೆ ಬೆಳೆಯುವ ಹುಡುಗರಿಗೂ ಬರುತ್ತದೆ. ಎಣ್ಣೆ ಬೆಣ್ಣೆಯಿಂದ ಮೇಲ್ಮೈ ಮೆತ್ತಗಾದೀತು, ಒಳಗಿನವರೆಗೆ ಅದು ಮುಟ್ಟುವುದು ಕಷ್ಟ. ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವುದಾದರೂ ಟ್ಯೂಬ್ ಹಚ್ಚಿದಿರಾ ಎಂದು ಎರಡೆರಡು ಸಲ ಕೇಳಿದರು. ತುರಿಕೆಗೆಂದು ಕೊಡುವ ಕೆಲವು ಸ್ಟಿರಾಯ್ಡ್ ಟ್ಯೂಬ್‌ಗಳನ್ನು ದಿನಗಟ್ಟಲೆ ಹಚ್ಚಿದರೆ ಅವೇ ಇಂಥ ಗೆರೆ ತರುತ್ತವಂತೆ. ಅದೊಂದನ್ನು ನಾನು ಮಾಡಿರಲಿಲ್ಲ. ಪುಣ್ಯ ಎಂದುಕೊಂಡೆ.

"ಪೂರ್ತಿ ಹೋಗ್ತಾವೇನ್ರಿ?"

"ಅಳಿಸಿಬಿಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಕಡಿಮೆ ಕಾಣೋ ಹಾಗೆ ಮಾಡಬಹುದು. ಕೆಂಪಗಿರೋವು ಹೊಸವು, ಮಾತು ಕೇಳ್ತಾವೆ. ಬೆಳ್ಳಗಾದವು ಹಳೇವು, ಮೊಂಡು."

ಕೆಂಪಿಗೆ ರಾತ್ರಿ ಹಚ್ಚುವ ಒಂದು ಕ್ರೀಮ್ ಇದೆ ಎಂದರು. ಬಿಳಿಯದಕ್ಕೆ ಸಣ್ಣ ಸಣ್ಣ ಸೂಜಿಗಳ ಚಿಕಿತ್ಸೆ. ಚುಚ್ಚಿದಲ್ಲಿ ಚರ್ಮ ತಾನೇ ಹೊಸದಾಗಿ ಕೂಡಿಕೊಳ್ಳುತ್ತದೆ. ಲೇಸರ್ ಕೂಡ ಇದೆ, ಆದರೆ ನಮ್ಮಂಥ ಕಂದು ಮೈಗೆ ಅದು ಕಪ್ಪು ಕಲೆ ಬಿಡಬಹುದು, ಬಹಳ ನೋಡಿ ಮಾಡಬೇಕು. ಯಾವುದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಬರಬೇಕು. ಏನೂ ಮಾಡದೆ ಬಿಟ್ಟರೂ ಕೆಂಪು ತಾನಾಗಿ ಮಾಸುತ್ತದೆ, ಅದೂ ಒಂದು ದಾರಿಯೇ ಎಂದರು. ಬಿಡುವ ದಾರಿ ನನ್ನ ಜಾಯಮಾನಕ್ಕೆ ಆಗಿಬರುವಂಥದ್ದಲ್ಲ.

"ಇನ್ನೊಂದು ಮಗುವಿನ ಯೋಚನೆ ಇದೆಯಾ? ಇದ್ದರೆ ಆ ಕ್ರೀಮ್ ಬೇಡ. ಬಸುರಿಗೆ ಅದು ಆಗಲ್ಲ."

"ಐತ್ರಿ" ಎಂದರು ಅತ್ತೆ.

"ಇಲ್ರಿ" ಎಂದೆ ನಾನು.

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ಹೊಟ್ಟೆ ಯಾರದೋ ಅವರು ಹೇಳಲಿ" ಎಂದು ಚೀಟಿ ಬರೆದರು. ವಾಪಸು ಬರುವಾಗ ಅತ್ತೆ ಜುರಾಲ ಬಂದರೂ ಕಿಟಕಿ ಕಡೆ ತಿರುಗಲಿಲ್ಲ. ಮಕ್ತಲದಲ್ಲಿ ಬಿಸಿ ಮಿರ್ಚಿ ಕೊಡಿಸಿದ ಮೇಲೆ ಸರಿಯಾದರು.

ಸೂಜಿ ಚಿಕಿತ್ಸೆಯ ಮೊದಲ ದಿನ ಮರಗಟ್ಟುವ ಮುಲಾಮು ಹಚ್ಚಿ ಕೂರಿಸಿದ್ದರು. ಪಕ್ಕದಲ್ಲಿದ್ದವರು ಹೆದರಿ ದೇವರ ಹೆಸರು ಹೇಳುತ್ತಿದ್ದರೆ ನಾನು ಯಾವಾಗ ಕರೆಯುತ್ತಾರೋ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಚುರುಚುರು ಎಂದಿತು, ಅಷ್ಟೆ. ಎರಡು ದಿನ ಮೈ ಬಿಸಿಲಲ್ಲಿ ಸುಟ್ಟಂತೆ ಕೆಂಪಗಿತ್ತು. ರಾತ್ರಿಯ ಕ್ರೀಮಿಗೆ ಚರ್ಮ ಸಿಪ್ಪೆ ಎದ್ದಿತು. ಒಂದು ದಿನ ಬಿಟ್ಟು ಒಂದು ದಿನ ಹಚ್ಚು ಎಂದರು, ಹಾಗೇ ಮಾಡಿದೆ. ಎರಡನೇ ಸಲ, ಮೂರನೇ ಸಲ ಹೋಗಿಬಂದೆ. ದಿನಾ ನೋಡಿದರೆ ಏನೂ ತಿಳಿಯುವುದಿಲ್ಲ. ಒಮ್ಮೆ ಮಗಳ ಹುಟ್ಟುಹಬ್ಬಕ್ಕೆ ಕುಪ್ಪಸ ಬದಲಿಸುವಾಗ ಕನ್ನಡಿಯಲ್ಲಿ ಸುಮ್ಮನೆ ಕಣ್ಣು ಬಿತ್ತು. ಬದಿಯ ಕೆಂಪು ಗೆರೆಗಳು ಇದ್ದವು, ಆದರೆ ಹುಡುಕಬೇಕಿತ್ತು. ಕುಪ್ಪಸ ಅರ್ಧ ತೊಟ್ಟುಕೊಂಡೇ ಕೂಗಿ ಗಂಡನನ್ನು ಮಗ್ಗದಿಂದ ಎಬ್ಬಿಸಿದೆ. ಅವರು ಬಂದು, ದೀಪ ಹಿಡಿದು, ಬಹಳ ಹೊತ್ತು ನೋಡಿ, "ಮೊದಲು ಎಲ್ಲಿದ್ವು?" ಎಂದರು. ಆ ಪ್ರಶ್ನೆ ಕೇಳಿ ಆದ ಸಂತೋಷವನ್ನು ನಾನು ಮುಚ್ಚಿಡಲಾರೆ.

ಆದರೂ, ದಸರಾ ಹಂಗಾಮು ಬಂದರೂ, ದೀಪದ ಮುಂದೆ ನಿಲ್ಲಲು ಧೈರ್ಯ ಸಾಲಲಿಲ್ಲ. ಇನ್ನೊಂದು ಸಲ ಗದ್ವಾಲಿಗೆ ಹೋಗಿಬಂದು ನಿಲ್ಲುತ್ತೇನೆ, ಇನ್ನೊಂದು ಸಲ ಎಂದು ಮುಂದೂಡುತ್ತ ಬಂದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಗದ್ವಾಲಿನ ಆಚೆಯ ಐಜದಿಂದ ಒಬ್ಬ ಹೆಣ್ಣುಮಗಳು. ರಾಯಚೂರು ಕಡೆಯವರು, ಮದುವೆಯಾಗಿ ಐಜಕ್ಕೆ ಬಂದವರು. ನಮ್ಮ ಲೈವ್ ನೋಡಿ ಈಚೆಗೆ ಹಬ್ಬಕ್ಕೆಂದು ನೇರಳೆ ಸೀರೆ ತರಿಸಿಕೊಂಡಿದ್ದರು.

"ಅಕ್ಕಾ, ಸೀರಿ ಬಿಚ್ಚಿ ನೋಡಿದ್ರ ನಟ್ಟ ನಡುವಿನಾಗ ಅಡ್ಡ ಗೆರಿ ಐತಲ್ರಿ. ನಾ ಅವತ್ತ ಲೈವಿನಾಗ ಹೇಳಿದ್ದೆ, ನಡುವಿನ ಹತ್ರ ಗೆರಿ ಕಾಣತಾವ ಅಂತ. ನೀವು ಕರೆಂಟ್ ಹೋಯಿತು ಅಂದ್ರಿ."

ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ನೆಲದ ಮೇಲೆ ಕೂತೆ. ನಡು ಎಂದರೆ ಸೊಂಟವೂ ಹೌದು, ಮಧ್ಯವೂ ಹೌದು. ಆಕೆ ಹೇಳಿದ್ದು ಸೀರೆಯ ನಡು, ನಾನು ಹಿಡಿದುಕೊಂಡದ್ದು ನನ್ನ ನಡು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ. ಬೇರೆ ಸೀರೆ ಕೊಡುತ್ತೇನೆ ಎಂದು ಆಕೆಗೆ ಹೇಳಿ ಫೋನಿಟ್ಟವಳು ನಗಲು ಶುರುಮಾಡಿದರೆ ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಗಂಡ, ಅತ್ತೆ ಇಬ್ಬರೂ ಗಾಬರಿಯಾಗಿ ಬಂದು ನಿಂತರು.

ವಿಷಯ ಹೇಳಿದೆ. ಗಂಡ ನಗಲಿಲ್ಲ. ನಾನು ಉಡುತ್ತಿದ್ದ ನೇರಳೆ ಸೀರೆ ತಂದು ದುಂಡು ದೀಪದ ಮುಂದೆ ಹಿಡಿದರು. ಹಗಲ ಬೆಳಕಲ್ಲಿ ಕಾಣದ ಒಂದು ತೆಳು ಗೆರೆ, ಅಡ್ಡಕ್ಕೆ. ಇನ್ನೊಂದು ಸೀರೆ ಹಿಡಿದರು, ಅದರಲ್ಲೂ. ಕಾರಣ ತಿಳಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ. ಲೈವ್ ಹೊತ್ತಿಗೆ ನಾನು ಬರ್ರಿ ಬರ್ರಿ ಎಂದು ಅವಸರ ಮಾಡುತ್ತಿದ್ದೆ. ಅವರು ಮಗ್ಗದ ಉದ್ದೆಳೆಗಳನ್ನು, ಅಂದರೆ ಹಾಸನ್ನು, ಸಡಿಲ ಬಿಡದೆ ಬಿಗಿಯಾಗಿಯೇ ಬಿಟ್ಟು ಎದ್ದು ಬರುತ್ತಿದ್ದರು. ಅಷ್ಟು ಹೊತ್ತು ಜಗ್ಗಿಕೊಂಡೇ ಇದ್ದ ಎಳೆ, ಮತ್ತೆ ನೇಯಲು ಕೂತಾಗ ಅಲ್ಲೊಂದು ಗೆರೆ ಬಿಡುತ್ತಿತ್ತು.

"ಈಕಿ ಹಿಗ್ಗಿದ್ಲು, ಈಕಿ ಸಂಗಾಟ ಹಾಸೂ ಹಿಗ್ಗೇತಿ" ಎಂದರು ಅತ್ತೆ. "ಹಾಸಿಗೂ ಸೂಜಿ ಚುಚ್ಚಸ್ತೀರೇನು ಗದ್ವಾಲಾಗ?"

ಹಾಸಿನ ಔಷಧ ಸುಲಭವಿತ್ತು. ಏಳುವಾಗ ಸಡಿಲ ಮಾಡಿ ಏಳುವುದು, ಅಷ್ಟೆ. ಆ ಸಂಜೆಯೇ ನಾನು ಹಸಿರು ಸೀರೆಯುಟ್ಟು, ಸೆರಗನ್ನು ಎಂದಿನಂತೆ ಬಿಟ್ಟು ದೀಪದ ಮುಂದೆ ನಿಂತೆ. ಯಾರೂ ನೋಡಿಯೇ ಇರಲಿಲ್ಲ ಎಂಬ ಧೈರ್ಯ ನನ್ನನ್ನು ಎತ್ತಿ ನಿಲ್ಲಿಸಿತ್ತು. ತಿರುಗಿದೆ, ಹಾರಿಸಿದೆ, ಗಂಟಲು ಕಟ್ಟುವವರೆಗೆ ಮಾತಾಡಿದೆ. ಬಿಟ್ಟುಹೋದವರು ಒಬ್ಬೊಬ್ಬರೇ ವಾಪಸು ಬಂದರು.

ಹಾಗಾದರೆ ಚಿಕಿತ್ಸೆ ಇನ್ಯಾಕೆ, ಬಿಡು ಎಂದು ಅವ್ವ ಫೋನಿನಲ್ಲಿ ಹೇಳಿದಳು. ನಾನು ಬಿಡಲಿಲ್ಲ. ಮೊದಲು ನೋಡುವವರಿಗಾಗಿ ಹೋದೆ, ಈಗ ನನಗೆ ಬೇಕೆನಿಸಿತ್ತು. ಮೈ ಬದಲಾಗುವುದನ್ನು ನೋಡುವುದೇ ಒಂದು ಖುಷಿ. ಮುಂದಿನ ಸರದಿಗೆ ಗದ್ವಾಲಿಗೆ ಹೋಗುವಾಗ ಐಜದ ಹೆಣ್ಣುಮಗಳಿಗೆ ಹೇಳಿದೆ, ಅಲ್ಲಿಯ ಬಸ್ ಸ್ಟ್ಯಾಂಡಿಗೆ ಬನ್ನಿ, ಗೆರೆಯಿಲ್ಲದ ಸೀರೆ ನಾನೇ ಕೈಯಾರೆ ಕೊಡುತ್ತೇನೆ ಎಂದು.

ನನ್ನ ಸೂಜಿ ಮುಗಿಸಿ ಹೋಗುವಷ್ಟರಲ್ಲಿ ಬಂದಿದ್ದಳು. ನನಗಿಂತ ಚಿಕ್ಕವಳು, ಸೆರಗನ್ನು ಸೊಂಟದ ಸುತ್ತ ಬಿಗಿಯಾಗಿ ಸುತ್ತಿ ಸಿಗಿಸಿದ್ದಳು. ಚಹಾ ಅಂಗಡಿಯ ಬೆಂಚಿನ ಮೇಲೆ ಸೀರೆ ಬಿಡಿಸಿ, ಉದ್ದಕ್ಕೂ ತೋರಿಸಿದೆ. ಆಕೆ ಸೀರೆಯನ್ನು ಸರಿಯಾಗಿ ನೋಡಲೇ ಇಲ್ಲ. ಚಹಾ ಮುಗಿದರೂ ಏಳಲಿಲ್ಲ. ಐಜದ ಬಸ್ಸು ಬಂದು ನಿಂತಿತು, ಅದನ್ನೂ ನೋಡಲಿಲ್ಲ.

"ಅಕ್ಕಾ, ನಿಮ್ಮವು ಕಡಿಮಿ ಆಗ್ಯಾವಲ್ರಿ" ಎಂದಳು.

"ಏನು?"

"ನಡುವಿನವು. ಹೋದ ಲೈವಿನಾಗ ಹಸರ ಸೀರಿ ಉಟ್ಟಿದ್ರಲ್ಲ, ಆಗ ನೋಡಿದೆ."

ನನ್ನ ಕೈ ಮತ್ತೆ ಸೊಂಟಕ್ಕೆ ಹೋಗುವುದರಲ್ಲಿತ್ತು. "ನೀ ಅವತ್ತು ಬರೆದದ್ದು ಸೀರಿ ಬಗ್ಗೆ ಅಲ್ಲೇನು?"

"ಎರಡೂ ನೋಡಿದ್ದೆ ಅಕ್ಕಾ" ಎಂದಳು, ಖಾಲಿ ಲೋಟ ತಿರುಗಿಸುತ್ತ. "ಸೀರಿ ಗೆರಿ ಬಗ್ಗೆ ಹೇಳಾಕ ಬರತೈತಿ. ನಿಮ್ಮ ನಡುವಿಂದು ಮಂದಿ ಮುಂದ ಹೆಂಗ ಕೇಳಲಿ? ಔಷಧ ಏನು ಹಚ್ತೀರಿ ಕೇಳೋಣ ಅಂತ ದಿನಾ ಲೈವ್ ನೋಡಿದೆ. ನೀವು ಹಗ್ಗದ ಹಿಂದ ಹೋಗಿಬಿಟ್ರಿ. ನಾ ಮದಿವಿ ಆದಾಗಿಂದ ಒಂದು ಸೀರಿನೂ ಸೆರಗ ಬಿಟ್ಟು ಉಟ್ಟಿಲ್ರಿ."

ಹಾಗಾದರೆ ನೋಡಿದ್ದರು. ನಾನು ನಕ್ಕು ಹಗುರಾದದ್ದೆಲ್ಲ ಸುಳ್ಳು. ಆದರೆ ಅವಳು ಸಿಗಿಸಿಕೊಂಡಿದ್ದ ಆ ಸೆರಗನ್ನು ನೋಡುತ್ತಿದ್ದಂತೆ ನಾಚಿಕೆ ಬರುವ ಬದಲು ನನ್ನ ಹಳೆಯ ಹುಮ್ಮಸ್ಸು ಕಾಲಿನಿಂದ ತಲೆಯವರೆಗೆ ಉಕ್ಕಿತು. ಅವಳ ಕೈ ಹಿಡಿದು ಎಬ್ಬಿಸಿದೆ. ಡಾಕ್ಟರಮ್ಮ ಇನ್ನೂ ಹೋಗಿರುವುದಿಲ್ಲ, ನಡಿ ಎಂದು ರಸ್ತೆ ದಾಟಿಸಿದೆ. ದಾಟುವಷ್ಟರಲ್ಲಿ ಎಣ್ಣೆ, ಕ್ರೀಮ್, ಸೂಜಿ ಎಲ್ಲ ಹೇಳಿ ಮುಗಿಸಿದ್ದೆ. ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ಹೇಳಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ ಮುಖ್ಯವಾದದ್ದು ನೆನಪಾಯಿತು.

"ಕೆಂಪಗ ಅದಾವೋ, ಬೆಳ್ಳಗಾಗ್ಯಾವೋ?" ಎಂದು ಕೇಳಿದೆ. ನನ್ನ ದನಿ ಯಾವತ್ತೂ ಮೆಲ್ಲಗಿರುವುದಿಲ್ಲ; ಬೆಂಚಿನವರೆಲ್ಲ ತಿರುಗಿ ನೋಡಿದರು.

ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸಿಗಿಸಿದ್ದ ಸೆರಗನ್ನು ಅಲ್ಲೇ ಬಿಚ್ಚಿ, "ನೀವೇ ನೋಡ್ರಿ ಅಕ್ಕಾ" ಎಂದಳು.